ವಿಷಕ್ಕೆ ಹಗೆಯಿಲ್ಲ

ಶಿರಸಿ ತಾಲೂಕಿನ ಪೂರ್ವದ ಅಂಚಿನಲ್ಲಿ, ಬನವಾಸಿ ಸೀಮೆಯ ದಾಸನಕೊಪ್ಪದ ಆಸುಪಾಸಿನಲ್ಲಿ ಮಲೆನಾಡು ಮುಗಿಯುತ್ತ ಬರುತ್ತದೆ, ಬಯಲುಸೀಮೆ ತೊಡಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದರೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾನು. ಪೂರ್ವಕ್ಕೆ ತಿರುಗಿದರೆ ಭತ್ತದ ಗದ್ದೆ, ಗೋವಿನಜೋಳ, ಅನಾನಸು. ಸುಗ್ಗಿಯಲ್ಲಿ ಈ ಗದ್ದೆಗಳಿಗೆ ಮೂವರು ಬರುತ್ತಾರೆ. ತೆನೆ ಬಲಿತದ್ದು ಮೊದಲು ತಿಳಿಯುವುದು ಇಲಿಗೆ. ಇಲಿಯ ಜಾಡು ಹಿಡಿದು ಕೊಳಕು ಮಂಡಲ ಬರುತ್ತದೆ. ಕೊನೆಗೆ ಕುಡುಗೋಲು ಹಿಡಿದ ಮನುಷ್ಯ ಬರುತ್ತಾನೆ. ಮೂವರನ್ನೂ ಕರೆತಂದದ್ದು ಹಸಿವು. ಬುಡ ಹಿಡಿದು ಕೊಯ್ಯುವ ಕೈಗೋ, ಹುಲ್ಲಿನ ಹೊರೆ ಎತ್ತುವ ಬೆರಳಿಗೋ, ಕತ್ತಲಲ್ಲಿ ಬದು ದಾಟುವ ಬರಿಗಾಲಿಗೋ ಹಲ್ಲು ತಾಗುತ್ತದೆ. ‘ಹುಳ ಮುಟ್ಟಿತು’ ಎಂಬ ಕೂಗು ಏಳುತ್ತದೆ.

ಕೂಗಿನ ಬೆನ್ನಿಗೇ ನಮ್ಮ ಊರುಗಳಲ್ಲಿ ಎರಡು ಮಾತು ಬರುತ್ತವೆ. ಒಂದು, ‘ಹೊಡೆದು ಹಾಕಿ ಅದನ್ನ’. ಇನ್ನೊಂದು, ‘ಏನು ದೋಷ ಆಗಿತ್ತೋ ಏನೋ’. ಒಬ್ಬರು ದೊಣ್ಣೆ ಹುಡುಕುತ್ತಾರೆ, ಇನ್ನೊಬ್ಬರು ಪ್ರಾಯಶ್ಚಿತ್ತ ಹುಡುಕುತ್ತಾರೆ. ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ: ಹಾವಿಗೂ ನಮಗೂ ಏನೋ ಲೆಕ್ಕ ಬಾಕಿ ಇತ್ತು. ಹಾವು ಹನ್ನೆರಡು ವರ್ಷ ಸೇಡು ಇಟ್ಟುಕೊಳ್ಳುತ್ತದೆ ಎಂದು ಹೇಳಿಕೊಂಡು ಬಂದವರು ನಾವು. ಕೇಡಿಗನನ್ನು ವರ್ಣಿಸಬೇಕಾದಾಗ ನಮ್ಮ ಭಾಷೆಗೆ ಮೊದಲು ನೆನಪಾಗುವುದೇ ಹಾವು. ಆದರೆ ನಂಜಿನ ಒಳಗನ್ನು ಅಣು ಅಣುವಾಗಿ ಬಿಡಿಸಿ ಓದಿದವರಿಗೆ ಅಲ್ಲಿ ಯಾವ ಸೇಡೂ ಸಿಕ್ಕಿಲ್ಲ. ಸಿಕ್ಕಿದ್ದು ಬೇರೆಯೇ ಒಂದು ಕಥೆ. ಅದು ಜೀವಶಾಸ್ತ್ರದ ಪುಸ್ತಕದಲ್ಲಿ ಉಳಿದುಬಿಡಬಾರದ, ನಮ್ಮ ನೀತಿಯ ಪ್ರಜ್ಞೆಗೂ ತಾಗಬೇಕಾದ ಕಥೆ.

2020ರ ಜನವರಿಯಲ್ಲಿ ನಮ್ಮ ನಾಗರಹಾವಿನ ಪೂರ್ಣ ಜೀನೋಮ್ ಪ್ರಕಟವಾಯಿತು. ಸೋಮಶೇಖರ್ ಶೇಷಗಿರಿ ಅವರು ಮುನ್ನಡೆಸಿದ ಆ ಕೆಲಸದಲ್ಲಿ, ನಂಜಿನ 33 ಕುಟುಂಬಗಳಿಗೆ ಸೇರಿದ 139 ಜೀನ್‌ಗಳು ಗುರುತಾದವು. ಅವುಗಳಲ್ಲಿ ಬಹುಮಟ್ಟಿಗೆ ವಿಷಗ್ರಂಥಿಯಲ್ಲಿ ಮಾತ್ರ ದುಡಿಯುವಂಥವು ಬರೀ 19. ವಿಷ ಎಂದರೆ ಎಲ್ಲಿಂದಲೋ ಬಂದ ವಿಚಿತ್ರ ವಸ್ತು ಎಂಬ ಕಲ್ಪನೆ ಇಲ್ಲಿ ಬಿದ್ದುಹೋಗುತ್ತದೆ. ನಂಜಿನ ಪ್ರೋಟೀನುಗಳೆಲ್ಲ ಮೈಯ ದಿನನಿತ್ಯದ ಕೆಲಸಕ್ಕಿದ್ದ ಪ್ರೋಟೀನುಗಳ ವಂಶದವು.

ಆ ನೆಂಟಸ್ತಿಕೆ ಹಾವಿನಲ್ಲೇ ಮುಗಿಯುವುದಿಲ್ಲ, ನಮ್ಮ ಮೈವರೆಗೂ ಬರುತ್ತದೆ. ನಾಗರಹಾವಿನ ನಂಜಿನಲ್ಲಿ ಮೂರು ಬೆರಳು ಚಾಚಿದಂತೆ ಕಾಣುವ ಸಣ್ಣ ಪ್ರೋಟೀನುಗಳಿವೆ, ಅರವತ್ತು ಎಪ್ಪತ್ತು ಅಮೈನೋ ಆಮ್ಲಗಳಷ್ಟೇ ಉದ್ದ. ನರದಿಂದ ಸ್ನಾಯುವಿಗೆ ‘ಅಲುಗು’ ಎಂಬ ಸಂದೇಶ ತಲುಪುವ ಜಾಗಕ್ಕೆ ಹೋಗಿ ಅವು ಅಂಟಿಕೊಳ್ಳುತ್ತವೆ. ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ಇದೇ ಮೂರು ಬೆರಳಿನ ಆಕಾರದ ಲಿಂಕ್ಸ್-1 ಎಂಬ ಪ್ರೋಟೀನು ನಮ್ಮ ಮಿದುಳಿನಲ್ಲೂ ಇದೆ. ಅದೇ ಬಗೆಯ ಗ್ರಾಹಕಗಳ ಮೇಲೆ ಕೂತು, ಅವು ಅತಿಯಾಗಿ ಕೆರಳದಂತೆ ಹಿತಮಿತವಾಗಿ ತಡೆಯುವುದು ಅದರ ಕೆಲಸ. ಕಟ್ಟುಹಾವಿನ ನಂಜಿನ ಮುಖ್ಯ ಭಾಗವಾದ ಫಾಸ್ಫೋಲೈಪೇಸ್ ಎಂಬ ಕಿಣ್ವ ನರದ ತುದಿಯನ್ನೇ ಕೆಡಿಸುತ್ತದೆ. ಅದೇ ಕುಲದ ಕಿಣ್ವ ನಮ್ಮ ಮೇದೋಜೀರಕ ಗ್ರಂಥಿಯಿಂದ ಹೊರಟು, ಉಂಡ ಊಟದ ಕೊಬ್ಬನ್ನು ಕರಗಿಸುತ್ತದೆ. ಮಂಡಲದ ಹಾವುಗಳು ಫಾಸ್ಫೋಲೈಪೇಸನ್ನು ಎತ್ತಿಕೊಂಡದ್ದು ಬೇರೊಂದು ಕವಲಿನಿಂದ. ಆ ಕವಲಿನ ಕಿಣ್ವ ಮನುಷ್ಯನ ಕಣ್ಣೀರಿನಲ್ಲಿದೆ, ಅಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಂದು ಕಣ್ಣು ಕಾಯುತ್ತದೆ. ಕೊಳಕು ಮಂಡಲ ಕಚ್ಚಿ ಸತ್ತವನ ಮನೆಯವರು ಅಳುವಾಗ, ಆ ನಂಜಿನ ನೆಂಟನೊಬ್ಬ ಅವರ ಕಣ್ಣಿನಲ್ಲೇ ಕಾವಲು ನಿಂತಿರುತ್ತಾನೆ. ಈ ಮಾತು ಬರೆಯುವಾಗ ನನ್ನ ಕೈ ತಡೆಯುತ್ತದೆ. ಆದರೂ ಇದು ನಿಜ, ನಿಜವಾದ್ದರಿಂದಲೇ ಹೇಳಬೇಕು.

ಕಾಯುವುದು ಕೊಲ್ಲುವುದಾದ ಬಗೆ ಹೇಗೆ? ಜಪಾನಿನ ಮೂಲದ ವಿಜ್ಞಾನಿ ಸುಸುಮು ಓನೋ 1970ರಲ್ಲಿ ಒಂದು ದಾರಿ ತೋರಿಸಿದ್ದರು. ಜೀನೋಮನ್ನು ನಕಲು ಮಾಡಿಕೊಳ್ಳುವಾಗ ಜೀವಕೋಶ ಕೆಲವೊಮ್ಮೆ ಒಂದೇ ಜೀನನ್ನು ಎರಡು ಬಾರಿ ಬರೆದುಬಿಡುತ್ತದೆ. ಕೂಡುಕುಟುಂಬದಲ್ಲಿ ಅಣ್ಣ ತೋಟ ನೋಡಿಕೊಂಡರೆ ತಮ್ಮ ಊರು ಬಿಟ್ಟು ಹೊಸ ಕಸುಬು ಹುಡುಕಲು ಸ್ವತಂತ್ರನಾಗುತ್ತಾನಲ್ಲ, ಹಾಗೆ. ಒಂದು ಪ್ರತಿ ಮೈಯ ಹಳೆಯ ಕೆಲಸವನ್ನು ಬಿಡದೆ ಮಾಡುತ್ತಿದ್ದರೆ, ಇನ್ನೊಂದು ಬದಲಾಗುತ್ತ ಹೋದರೂ ಜೀವಕ್ಕೆ ತೊಂದರೆಯಿಲ್ಲ. ಅಂಥ ಒಂದು ಪ್ರತಿ ಕಣ್ಣಿನ ಹಿಂದಿನ, ಬಾಯಿಯ ರಸ ಸುರಿಸುವ ಗ್ರಂಥಿಯಲ್ಲಿ ದುಡಿಯತೊಡಗಿತು. ಅಲ್ಲಿ ಆದ ಸಣ್ಣ ಬದಲಾವಣೆಯಿಂದ ಇಲಿ ಒಂದು ಹೆಜ್ಜೆ ಬೇಗ ಬಿದ್ದರೆ, ಆ ಹಾವಿಗೆ ಒಂದು ಊಟ ಹೆಚ್ಚು, ನಾಲ್ಕು ಮರಿ ಹೆಚ್ಚು. ಹೀಗೆ ಪ್ರತಿಗಳು ಮತ್ತೆ ಇಮ್ಮಡಿಸಿದವು, ಮತ್ತೆ ಬದಲಾದವು.

ಈ ಬದಲಾವಣೆಯ ವೇಗವೇ ಬೆರಗು. ಸಾಮಾನ್ಯವಾಗಿ ಜೀನಿನಲ್ಲಿ ಪ್ರೋಟೀನಿಗೆ ಅರ್ಥ ಕೊಡುವ ಭಾಗಗಳು ಬಲು ನಿಧಾನಕ್ಕೆ ಬದಲಾಗುತ್ತವೆ, ಅವುಗಳ ನಡುವಿನ ಖಾಲಿ ಭಾಗಗಳು ಬೇಗ ಬದಲಾಗುತ್ತವೆ. ಜಪಾನಿನ ಹಾಬು ಎಂಬ ಮಂಡಲದ ಹಾವಿನ ನಂಜಿನ ಜೀನುಗಳನ್ನು ಓದಿದ ವಿಜ್ಞಾನಿಗಳಿಗೆ 1990ರ ದಶಕದ ಮೊದಲಲ್ಲಿ ಇದರ ತಿರುಗುಮುರುಗು ಕಂಡಿತು. ಅರ್ಥವುಳ್ಳ ಭಾಗವೇ ಓಡುತ್ತಿತ್ತು, ಖಾಲಿ ಭಾಗ ನಿಂತಿತ್ತು. ಪ್ರೋಟೀನನ್ನು ಗಟ್ಟಿಯಾಗಿ ಕಟ್ಟುವ ಗಂಧಕದ ಕೊಂಡಿಗಳು ಮಾತ್ರ ಹಾಗೇ ಉಳಿದು, ಹೊರಮೈಯ ಅಮೈನೋ ಆಮ್ಲಗಳು ಒಂದೊಂದಾಗಿ ಬೇರೆಯಾಗುತ್ತಿದ್ದವು. ಗುರಿಯನ್ನು ಮುಟ್ಟುವುದು ಹೊರಮೈ, ಬೇಟೆಗೆ ತಕ್ಕಂತೆ ತಿದ್ದಿಕೊಳ್ಳಬೇಕಾದ್ದೂ ಅದೇ.

ಎದುರಾಳಿಯೂ ಸುಮ್ಮನೆ ಕೂತಿರಲಿಲ್ಲ. ಮುಂಗುಸಿ ನಾಗರಹಾವಿಗೆ ಎದುರು ನಿಲ್ಲುವುದನ್ನು ನೋಡಿ, ಅದು ಯಾವುದೋ ಬೇರು ತಿಂದು ಬರುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಬೇರು ಅದರ ಮೈಯಲ್ಲೇ ಇದೆ. 1992ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು ಮುಂಗುಸಿಯ ಸ್ನಾಯುವಿನ ಗ್ರಾಹಕವನ್ನು ಓದಿದಾಗ, ನಂಜು ಅಂಟುವ ಜಾಗದಲ್ಲೇ ಕೆಲವು ಅಮೈನೋ ಆಮ್ಲ ಬದಲಾಗಿ, ಅಲ್ಲೊಂದು ಸಕ್ಕರೆಯ ಸರಪಳಿ ಅಡ್ಡ ನಿಂತದ್ದು ಕಂಡಿತು. ಮೂರು ಬೆರಳಿನ ನಂಜು ಬಂದರೂ ಕೂರಲು ಅದಕ್ಕೆ ತಾವಿಲ್ಲ. ಇನ್ನೂ ದೊಡ್ಡ ಸೋಜಿಗವೆಂದರೆ, ನಾಗರಹಾವಿನ ಸ್ವಂತ ಸ್ನಾಯುವಿನಲ್ಲೂ ಇಂಥದೇ ಸಕ್ಕರೆಯ ಅಡ್ಡಗಾವಲು ಇದೆ. ಪರಸ್ಪರ ಕೊಲ್ಲಲು ನಿಂತ ಎರಡು ಪ್ರಾಣಿಗಳು ಒಂದೇ ನಂಜಿನಿಂದ ಬದುಕಲು, ಬೇರೆ ಬೇರೆ ದಾರಿಯಲ್ಲಿ ನಡೆದು, ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ.

ಅಗತ್ಯ ತೀರಿದರೆ ನಂಜೂ ತೀರುತ್ತದೆ. ಮೀನಿನ ಮೊಟ್ಟೆ ತಿಂದು ಬದುಕುವ ಒಂದು ಬಗೆಯ ಕಡಲಹಾವಿದೆ. ಓಡದ, ಹೊಯ್ದಾಡದ ಮೊಟ್ಟೆಗೆ ವಿಷ ಯಾಕೆ ಬೇಕು? ಅದರ ನಂಜಿನ ಜೀನಿನಲ್ಲಿ ಎರಡು ಅಕ್ಷರ ಅಳಿಸಿಹೋಗಿವೆ. ಅಳಿಸಿಹೋದದ್ದರಿಂದ ಅದಕ್ಕೆ ನಷ್ಟವಾಗಲಿಲ್ಲ, ಹಾಗಾಗಿ ಅದು ಹಾಗೇ ಉಳಿಯಿತು. ಈಗ ಅದರ ನಂಜು ಅದರ ದಾಯಾದಿಗಳ ನಂಜಿಗಿಂತ ಎಷ್ಟೋ ಪಟ್ಟು ಸಪ್ಪೆ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಈ ಇಡೀ ಕಥೆಯಲ್ಲಿ ಮನುಷ್ಯ ಎಲ್ಲಿದ್ದಾನೆ ಎಂದು ಹುಡುಕಿ ನೋಡಿ. ಇಲಿ ಇದೆ, ಕಪ್ಪೆ ಇದೆ, ಹಲ್ಲಿ ಇದೆ, ಮುಂಗುಸಿ ಇದೆ. ನಮ್ಮ ಗದ್ದೆಯ ಹಾವು ನಮ್ಮನ್ನು ಉಣ್ಣುವುದಿಲ್ಲ, ಉಣ್ಣಲಾರದು. ಅದರ ನಂಜು ರೂಪುಗೊಂಡದ್ದು ಬೇರೆಯವರ ಸಲುವಾಗಿ, ನಾವು ನಡುವೆ ಕಾಲಿಟ್ಟವರು. ನಮ್ಮನ್ನು ಕೊಲ್ಲುವ ಶಕ್ತಿ ಆ ನಂಜಿಗೆ ಇದ್ದರೆ ಅದಕ್ಕೆ ಕಾರಣ ಹಗೆಯಲ್ಲ, ಹತ್ತಿರದ ನೆಂಟಸ್ತಿಕೆ. ಇಲಿಯ ರಕ್ತ ಹೆಪ್ಪುಗಟ್ಟುವ ಬಗೆಯಲ್ಲೇ ನಮ್ಮ ರಕ್ತವೂ ಹೆಪ್ಪುಗಟ್ಟುತ್ತದೆ, ಕಪ್ಪೆಯ ಸ್ನಾಯು ಕೇಳುವ ಸಂದೇಶವನ್ನೇ ನಮ್ಮ ಸ್ನಾಯುವೂ ಕೇಳುತ್ತದೆ. ಎಲ್ಲ ಜೀವವೂ ಒಂದೇ ಎಂದು ನಾವು ಪ್ರಾರ್ಥನೆಯಲ್ಲಿ ಹೇಳುತ್ತೇವೆ. ನಂಜು ಅದನ್ನು ನಮ್ಮ ರಕ್ತದಲ್ಲಿ ಸಾಬೀತು ಮಾಡುತ್ತದೆ.

ಹಾವಿನ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ ಎಂದಾದರೆ ಜವಾಬ್ದಾರಿ ಎಲ್ಲಿಗೆ ಹೋಗುತ್ತದೆ? ಅದು ಗಾಳಿಯಲ್ಲಿ ಕರಗುವುದಿಲ್ಲ, ನಮ್ಮ ಹೆಗಲಿಗೆ ಬರುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ದೇಶವ್ಯಾಪಿ ಅಧ್ಯಯನವೊಂದು ಅಂದಾಜಿಸಿದೆ. ವರ್ಷಕ್ಕೆ ಸರಾಸರಿ 58,000. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಗದ್ದೆಗೆ ಬರಿಗಾಲಲ್ಲಿ ಇಳಿಯುವವರು, ನೆಲದ ಮೇಲೆ ಚಾಪೆ ಹಾಸಿ ಮಲಗುವವರು. ಕಟ್ಟುಹಾವು ರಾತ್ರಿ ಇಲಿಯನ್ನೋ ಸಣ್ಣ ಹಾವನ್ನೋ ಹುಡುಕುತ್ತ ಮನೆಯೊಳಗೆ ಬರುತ್ತದೆ, ಮಗ್ಗುಲು ಬದಲಿಸಿದವರನ್ನು ಕಚ್ಚುತ್ತದೆ. ಉರಿಯಿಲ್ಲ, ಬಾವಿಲ್ಲ. ನಸುಕಿನಲ್ಲಿ ಹೊಟ್ಟೆ ನೋವು ಎನ್ನುತ್ತಾರೆ. ಬೆಳಗಾಗುವಾಗ ರೆಪ್ಪೆ ಎತ್ತಲಾಗುವುದಿಲ್ಲ. ಮಂಚವಿದ್ದವನಿಗೆ, ಸೊಳ್ಳೆಪರದೆ ಸಿಕ್ಕಿಸಿ ಮಲಗಿದವನಿಗೆ ಈ ಸಾವು ಬಹುಮಟ್ಟಿಗೆ ಬರುವುದಿಲ್ಲ. ನಂಜಿಗೆ ಬಡವ ಬಲ್ಲಿದ ಗೊತ್ತಿಲ್ಲ. ಆ ಭೇದ ನಾವು ಮಾಡಿಟ್ಟದ್ದು.

ಕೊಳಕು ಮಂಡಲ ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ಮಾಡುವ ಒಂದು ಪರೀಕ್ಷೆಯನ್ನು ನೋಡಿ. ಹೊಸದಾದ, ಒಣಗಿದ, ಚೊಕ್ಕ ಗಾಜಿನ ನಳಿಗೆಯಲ್ಲಿ ಒಂದೆರಡು ಮಿಲಿಲೀಟರ್ ರಕ್ತ ತೆಗೆದು ಮುಟ್ಟದೆ ಇಡುತ್ತಾರೆ. ಪ್ಲಾಸ್ಟಿಕ್ ನಳಿಗೆ ಆಗದು, ಸೋಪಿನಲ್ಲಿ ತೊಳೆದದ್ದೂ ಆಗದು, ಫಲಿತಾಂಶ ಕೆಡುತ್ತದೆ. ಸರಿಯಾಗಿ ಇಪ್ಪತ್ತು ನಿಮಿಷ. ಆಮೇಲೆ ನಳಿಗೆಯನ್ನು ಮೆಲ್ಲಗೆ ಓರೆ ಮಾಡುತ್ತಾರೆ. ಹೆಪ್ಪಾದ ರಕ್ತ ಅಲುಗದೆ ನಿಂತರೆ ಸಮಾಧಾನದ ಉಸಿರು. ನೀರಿನಂತೆ ಹರಿದರೆ ನಂಜು ರಕ್ತದ ಹೆಪ್ಪುಗಟ್ಟಿಸುವ ಶಕ್ತಿಯನ್ನು ಬರಿದು ಮಾಡಿದೆ ಎಂದು ಅರ್ಥ, ಕೂಡಲೇ ಪ್ರತಿವಿಷ ಹನಿಸಬೇಕು. ಈ ಪರೀಕ್ಷೆಗೆ ಬೇಕಾದ್ದು ಒಂದು ಗಾಜಿನ ನಳಿಗೆ, ಒಂದು ಗಡಿಯಾರ ಮತ್ತು ಪಕ್ಕದಲ್ಲಿ ಕಾಯುವ ಒಬ್ಬ ಮನುಷ್ಯ. ಅಷ್ಟು ಸುಲಭದ್ದು ಕೂಡ ಕಚ್ಚಿದವನ ಊರಿಗೆ ಹತ್ತಿರವಿದ್ದರೆ ಮಾತ್ರ ಉಪಯೋಗ.

ಹತ್ತಿರವಿದ್ದರೂ ಸಾಲದು, ಔಷಧಿಗೆ ಊರಿನ ಪರಿಚಯವೂ ಇರಬೇಕು. ಬೇಟೆಗೆ ತಕ್ಕಂತೆ, ನೆಲಕ್ಕೆ ತಕ್ಕಂತೆ ನಂಜು ಬದಲಾಗುತ್ತದೆ ಎಂದ ಮೇಲೆ ಎಲ್ಲ ಊರಿನ ಕೊಳಕು ಮಂಡಲದ ನಂಜೂ ಒಂದೇ ಆಗಿರುವುದು ಹೇಗೆ ಸಾಧ್ಯ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ವರ್ಷಗಳಿಂದ ಈ ಪ್ರಶ್ನೆಯ ಹಿಂದೆ ಬಿದ್ದಿದೆ. 2025ರಲ್ಲಿ ಪ್ರಕಟವಾದ ಅವರ ಅಧ್ಯಯನ ದೇಶದ 34 ಕಡೆಗಳ 115 ಕೊಳಕು ಮಂಡಲಗಳ ನಂಜನ್ನು ಹೋಲಿಸಿತು. ಮಳೆ, ತಾಪಮಾನಗಳಿಗೂ ನಂಜಿನ ಗುಣಕ್ಕೂ ನಂಟಿರುವುದು ಕಂಡಿತು. ಒಣ ಸೀಮೆಯ ಹಾವುಗಳಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚು. ದಾಸನಕೊಪ್ಪದಂಥ ಸೀಮೆಯಲ್ಲಿ, ಕೆಲವೇ ಹರದಾರಿಗಳಲ್ಲಿ ಮಳೆ ಇಳಿಯುತ್ತ ಹೋಗುವ ನೆಲದಲ್ಲಿ, ಈ ಮಾತಿನ ತೂಕ ಬೇರೆಯವರಿಗಿಂತ ನಮಗೆ ಹೆಚ್ಚು ತಿಳಿಯಬೇಕು.

ನಮ್ಮ ಪ್ರತಿವಿಷಕ್ಕೆ ಬೇಕಾದ ನಂಜಿನ ಬಹುಪಾಲು ಬರುವುದು ಚೆನ್ನೈ ಹತ್ತಿರದ ವಡನೆಮ್ಮೇಲಿಯ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಆ ಸಂಘದ ಇರುಳರ ಕೌಶಲಕ್ಕೆ ಇಡೀ ದೇಶ ಋಣಿ, ಅವರು ಹಿಡಿದ ಹಾವುಗಳಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆ ನಂಜನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಪ್ರತಿವಿಷ ತೆಗೆಯುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಸೇರಿ ಒಂದೇ ಔಷಧಿ. ಹಾವು ಕಚ್ಚಿದರೆ ಇಂದಿಗೂ ಇದೇ ಜೀವ ಉಳಿಸುವ ಮದ್ದು, ಅದಕ್ಕೆ ಬದಲಿಲ್ಲ. ಆದರೆ ಒಂದು ಸೀಮೆಯ ಹಾವಿನಿಂದ ಮಾಡಿದ್ದು ಎಲ್ಲ ಸೀಮೆಯಲ್ಲೂ ಅಷ್ಟೇ ಬಲವಾಗಿ ನಡೆಯುವುದಿಲ್ಲ. ನಮ್ಮ ತೋಟ, ಕಾನುಗಳಲ್ಲಿ ಎಲೆಯ ನಡುವೆ ಎಲೆಯಂತೆ ಬಿದ್ದಿರುವ ಉಬ್ಬು ಮೂಗಿನ ಗುಳಿಮಂಡಲದ ನಂಜಿಗೆ ಇದು ನಾಟುವುದಿಲ್ಲ. ಇದೇನೂ ಹೊಸ ಸತ್ಯವಲ್ಲ. ಸುಮಾರು 125 ವರ್ಷಗಳ ಹಿಂದೆಯೇ ಬ್ರೆಜಿಲಿನ ವೈದ್ಯ ವಿಟಲ್ ಬ್ರೆಜಿಲ್, ನಾಗರಹಾವಿಗೆಂದು ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮಾಡಿದ ಪ್ರತಿವಿಷ ತನ್ನ ನಾಡಿನ ಹಾವುಗಳಿಗೆ ಕೆಲಸ ಮಾಡದೆಂದು ತೋರಿಸಿದ್ದರು. ತಿಳಿದ ಸತ್ಯ ಇಷ್ಟು ಕಾಲ ಕಾಯುತ್ತ ಕೂತಿತು, ಏಕೆಂದರೆ ಅದು ಬೇಕಾದವರ ದನಿ ಸಣ್ಣದು.

ನಾಗಪೂಜೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಪಂಚಮಿಯ ದಿನ ನೆಲ ಅಗೆಯದೆ, ಕೊಯ್ಯದೆ, ಅರಿಶಿನ ಎಲೆಯಲ್ಲಿ ಕಡುಬು ಬೇಯಿಸಿ ತಿನ್ನುವ ಮನೆಗಳಲ್ಲಿ ಒಂದು ದಿನದ ಮಟ್ಟಿಗಾದರೂ ಹಾವಿಗೆ ನೆಲದ ಮೇಲೆ ಹಕ್ಕಿದೆ ಎಂಬ ಒಪ್ಪಿಗೆ ಇದೆ. ಭಕ್ತಿ ಎಲ್ಲಿಗೆ ತಲುಪಬೇಕು ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಮಾದರಿ ಇದೆ. ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ಒಂದು ನಾಗಶಿಲೆಯಿದೆ. ಚುಟು ಸಾತಕರ್ಣಿಗಳ ಕಾಲದ್ದು, ಸಾವಿರದ ಏಳುನೂರು ವರ್ಷಕ್ಕೂ ಹಳೆಯದು. ಕಡೆದವನು ನಟಕನೆಂಬ ಶಿಲ್ಪಿ. ಅದರ ಮೇಲಿನ ಪ್ರಾಕೃತ ಶಾಸನ ಒಬ್ಬ ರಾಜಪುತ್ರಿಯ ದಾನವನ್ನು ಹೇಳುತ್ತದೆ. ಅವಳು ಮಾಡಿಸಿದ್ದು ನಾಗನನ್ನು ಮಾತ್ರವಲ್ಲ, ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಕೂಡ. ಕಲ್ಲಿನ ಹೆಡೆಗೆ ಕೈ ಮುಗಿದವಳು ಊರಿಗೆ ನೀರು ಕೊಟ್ಟಳು, ಭಿಕ್ಷುಗಳಿಗೆ ತಂಗಲು ಸೂರು ಕೊಟ್ಟಳು. ನಾಗನ ಹೆಸರಿನ ಭಕ್ತಿ ಅಕ್ಕಪಕ್ಕದವರ ಬದುಕಿಗೆ ಇಳಿಯಬೇಕು ಎಂದು ಅವಳಿಗೆ ಗೊತ್ತಿತ್ತು. ಇಂದು ಹೋಬಳಿಯ ಆಸ್ಪತ್ರೆಯ ತಂಪು ಪೆಟ್ಟಿಗೆಯಲ್ಲಿ ಪ್ರತಿವಿಷ ಇದೆಯೋ ಇಲ್ಲವೋ ಎಂದು ಊರವರು ಕೇಳುವುದು, ಕೊಯ್ಲಿಗೆ ಬರುವ ಆಳುಗಳಿಗೆ ಗಂಬೂಟು ಕೊಡಿಸುವುದು, ಹುಲ್ಲು ಬಣವೆಯನ್ನು ಮನೆಯಿಂದ ದೂರ ಒಟ್ಟುವುದು ಅದೇ ದಾನದ ಮುಂದುವರಿಕೆ.

ಹಗೆಯಿಲ್ಲದೆ ನೋಡಿದವರಿಗೆ ನಂಜು ಕೊಟ್ಟದ್ದೂ ಕಡಿಮೆಯಲ್ಲ. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ ನರ ಬೆಳೆಸುವ ಪ್ರೋಟೀನು ಹೇರಳವಾಗಿ ಸಿಕ್ಕಿದ್ದು 1950ರ ದಶಕದಲ್ಲಿ, ಹಾವಿನ ನಂಜಿನಲ್ಲಿ. ಆ ಕೆಲಸಕ್ಕೆ 1986ರಲ್ಲಿ ನೊಬೆಲ್ ಬಂತು. ಬ್ರೆಜಿಲಿನ ಮಂಡಲವೊಂದರ ನಂಜಿನಲ್ಲಿ ಸರ್ಜಿಯೊ ಫೆರೇರಾ ಕಂಡ ಸಣ್ಣ ತುಣುಕುಗಳ ದಾರಿ ಹಿಡಿದು ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಗುಳಿಗೆ ಬಂತು, 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಗರಗಸ ಮಂಡಲದ ನಂಜು ಕಲಿಸಿದ ಪಾಠದಿಂದ ಹೃದಯಾಘಾತದವರಿಗೆ ಕೊಡುವ ಟಿರೋಫಿಬಾನ್ ರೂಪುಗೊಂಡಿತು. ಈಗ ಅದೇ ಓದು ಹಾವು ಕಚ್ಚಿದವನ ಕಡೆಗೂ ತಿರುಗಿದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳ ವಿಜ್ಞಾನಿಗಳು ಹಲವು ಹಾವುಗಳ ಮೂರು ಬೆರಳಿನ ನಂಜನ್ನು ಇಲಿಗಳ ಮೈಯಲ್ಲಿ ತಡೆಯಬಲ್ಲ ಒಂದು ಮಾನವ ಪ್ರತಿಕಾಯವನ್ನು ಮುಂದಿಟ್ಟರು. ಹೊರಮೈ ಎಷ್ಟೇ ಬದಲಾದರೂ, ಗ್ರಾಹಕಕ್ಕೆ ಅಂಟಬೇಕಾದ ತುದಿ ಹೆಚ್ಚು ಬದಲಾಗುವಂತಿಲ್ಲ. ಆ ಪ್ರತಿಕಾಯ ಹಿಡಿಯುವುದು ಅಲ್ಲಿಯೇ. ಅದೇ ತಿಂಗಳು ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು, ದೇಶದಲ್ಲೇ ಮೊದಲು. ಸತ್ತವರನ್ನು ಎಣಿಸುವುದು ಅವರನ್ನು ಗೌರವಿಸುವ ಮೊದಲ ಹೆಜ್ಜೆ. ಎಣಿಕೆಯೇ ಇಲ್ಲದ ಸಾವಿಗೆ ಯಾವ ಬಜೆಟ್ಟೂ ಉತ್ತರ ಕೊಡುವುದಿಲ್ಲ.

ಮುಂಗುಸಿಗೆ ಆ ಸಕ್ಕರೆಯ ಕಾವಲು ಸಿಕ್ಕಿದ್ದು ಹೇಗೆಂದು ಯೋಚಿಸಿದಾಗ ನನಗೆ ಮನುಷ್ಯನಾಗಿರುವುದರ ಅರ್ಥ ಬೇರೆ ಬಗೆಯಲ್ಲಿ ತಿಳಿಯುತ್ತದೆ. ಅದಿಲ್ಲದ ಮುಂಗುಸಿಗಳು ಸತ್ತವು, ಅದಿದ್ದವು ಉಳಿದವು. ತಲೆಮಾರು ತಲೆಮಾರು ಹೀಗೇ ನಡೆಯಿತು. ನಿಸರ್ಗಕ್ಕೆ ಗೊತ್ತಿರುವ ಕಲಿಕೆ ಅದೊಂದೇ, ಅಲ್ಲಿ ಪಾಠದ ಬೆಲೆಯೇ ಸಾವು. ನಮಗೆ ಆ ಬೆಲೆ ಕೊಡದೆ ಕಲಿಯುವ ದಾರಿ ತೆರೆದಿದೆ. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನನ್ನು ಉಳಿಸಬಲ್ಲದು. ಬೆಂಗಳೂರಿನ ಪ್ರಯೋಗಾಲಯದ ಅರಿವು ದಾಸನಕೊಪ್ಪದ ಗದ್ದೆಯ ಬದುವಿಗೆ, ಯಾರೂ ಸಾಯುವ ಮುಂಚೆಯೇ ಬರಬಲ್ಲದು. ಟಾರ್ಚು, ಗಂಬೂಟು, ಸೊಳ್ಳೆಪರದೆ, ಕಚ್ಚಿದ ಜಾಗವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಬೇರು ಅರೆಯುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡುವ ತಿಳಿವಳಿಕೆ, ಅಲ್ಲಿ ಕಾದಿರುವ ಸರಿಯಾದ ಪ್ರತಿವಿಷ: ಇಷ್ಟೇ ನಮ್ಮ ಕಾವಲು. ಇವುಗಳಲ್ಲಿ ಒಂದೂ ಕೈಗೆಟುಕದ್ದಲ್ಲ. ಕೊಟ್ಟರೆ ಉಳಿಯುತ್ತಾರೆ ಎಂದು ಗೊತ್ತಿದ್ದೂ ಕೊಡದೆ ಹೋದರೆ, ಬರಿಗಾಲಿನ ಆ ಮನುಷ್ಯನನ್ನು ನಾವು ಮುಂಗುಸಿಯ ಪಾಡಿಗೆ ಬಿಟ್ಟಂತೆ. ಹಾವು ಅವನಿಗೆ ಅನ್ಯಾಯ ಮಾಡಲಾರದು, ನ್ಯಾಯ ಅನ್ಯಾಯ ಅದಕ್ಕೆ ತಿಳಿಯದು. ಅನ್ಯಾಯ ಮಾಡಲು ಬರುವುದು ತಿಳಿದವರಿಗೆ ಮಾತ್ರ, ಮತ್ತು ಈಗ ನಮಗೆ ತಿಳಿದಿದೆ.